ಮಂದ್ರದ ಹೆಂಗಸು

ಮೂರನೆಯ ಸಲವೂ ಅರ್ಲೀನ್ ಹಾಡಿನ ಅದೇ ಸಾಲಿನಲ್ಲಿ ತಡೆದು ನಿಂತಳು. ಸಾಲು ಮೇಲಿನಿಂದ ಇಳಿಯುತ್ತ ಬಂದು ಕೊನೆಯ ಮಾತಿಗೆ ತಳ ಮುಟ್ಟಬೇಕಿತ್ತು. ಆಕೆಯ ದನಿ ಅಲ್ಲಿಗೆ ತಲುಪುವ ಮೊದಲೇ ಗಾಳಿಯಾಗುತ್ತಿತ್ತು, ಮೈಕಿನಲ್ಲಿ ಬರೀ ಉಸಿರು ಕೇಳಿಸುತ್ತಿತ್ತು. ಡ್ರಮ್ಮಿನವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಚಾವಣಿ ನೋಡಿದ.

ಲಂಡನ್ನಿನ ಕ್ಯಾಮ್ಡನ್ನಿನಲ್ಲಿ ಒಂದು ಪಬ್ಬಿನ ಮೇಲಿನ ಹಾಲ್ ಅದು. ಹಗಲು ಹೊತ್ತು; ಕಾರ್ಪೆಟ್ಟಿನಿಂದ ಹಳಸಿದ ಬಿಯರಿನ ವಾಸನೆ ಏಳುತ್ತಿತ್ತು. ಮರುದಿನ ಸಂಜೆ ಇಲ್ಲೇ ಕಾರ್ಯಕ್ರಮ. ಇನ್ನೂರು ಟಿಕೆಟ್ಟುಗಳೂ ಒಂದೇ ವಾರದಲ್ಲಿ ಖರ್ಚಾಗಿದ್ದವು. ಅರ್ಲೀನ್‌ಗೆ ಐವತ್ತೆಂಟು ವರ್ಷ. ಅಲಬಾಮಾದ ಒಂದು ಸಣ್ಣ ಊರಿನ ಶಾಲೆಯಲ್ಲಿ ಅಡುಗೆ ಮಾಡುವವಳು. ಇಪ್ಪತ್ತೇಳು ವರ್ಷದ ಕೆಳಗೆ ಹಾಡಿ ಮರೆತಿದ್ದ ಒಂಬತ್ತು ಹಾಡುಗಳನ್ನು ಮತ್ತೆ ಹಾಡಲಿಕ್ಕೆಂದು ಮೊದಲ ಬಾರಿಗೆ ವಿಮಾನ ಹತ್ತಿ ಬಂದಿದ್ದಳು.

ಅವಳನ್ನು ಕರೆಸಿದವನು ಕೀತ್. ಮರೆತುಹೋದ ಕರಿಯ ಹಾಡುಗಾರರ ರೆಕಾರ್ಡುಗಳನ್ನು ಹುಡುಕಿ ಸಿ.ಡಿ. ಮಾಡಿ ಮಾರುವುದು ಅವನ ಕೆಲಸ. ಅವನು ಜೇನು ಬೆರೆಸಿದ ಚಹಾ ತಂದುಕೊಟ್ಟ, ಪ್ರಯಾಣದ ದಣಿವು ಎಂದ, ಲಂಡನ್ನಿನ ಗಾಳಿ ಎಂದ. ಪಿಯಾನೋದವನು ಮಾತ್ರ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ದನಿ ಹೋಗಿದೆ ಎಂದ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ದಾನಪ್ಪ ತನ್ನ ಬೂಟು ನೋಡಿಕೊಂಡ. ಅವನಿಗೆ ಇಲ್ಲಿ ಕೆಲಸವಿರಲಿಲ್ಲ. ಎಂಟು ತಿಂಗಳು ಕೇಳಿದ ದನಿಯ ಮುಖ ನೋಡಲು ರಜೆ ಹಾಕಿ ಬಂದಿದ್ದ.

ದಾನಪ್ಪ ಹೊಸಮನಿ ಧಾರವಾಡದ ಆಕಾಶವಾಣಿಯಲ್ಲಿ ಹದಿನೆಂಟು ವರ್ಷ ಟೇಪಿನ ಕೆಲಸ ಮಾಡಿದವನು. ಹೆಂಡತಿ ಗುರುದೇವಿ ಅರಿವಳಿಕೆಯ ಡಾಕ್ಟರು. ಅವಳಿಗೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ತೊಂಬತ್ತಮೂರರಲ್ಲಿ ರಾಜೀನಾಮೆ ಕೊಟ್ಟು ಜೊತೆಗೆ ಬಂದ. ಫೆಲ್ಥಮ್‌ನಲ್ಲಿ ಫ್ಲ್ಯಾಟು ಮಾಡಿದರು. ಎರಡು ವರ್ಷಕ್ಕೆ ಅವಳಿಗೆ ದೂರದ ಉತ್ತರದ ಸಂಡರ್‌ಲ್ಯಾಂಡಿನಲ್ಲಿ ಮೇಲಿನ ಹುದ್ದೆ ಬಂತು. ಅಷ್ಟರಲ್ಲಿ ಇವನಿಗೆ ಇಲ್ಲಿ ಕೀತ್‌ನ ಕಂಪನಿಯಲ್ಲಿ ಒಂದು ಸಣ್ಣ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟರೆ ಮತ್ತೆ ಸಿಗುವುದು ಅನುಮಾನವಿತ್ತು. ಅವಳು ತಿಂಗಳಿಗೊಮ್ಮೆ ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದಳು. ಬಂದ ದಿನ ಮಲಗುತ್ತಿದ್ದಳು, ಮರುದಿನ ನಾಲ್ಕು ವಾರಕ್ಕಾಗುವಷ್ಟು ಪಲ್ಯ ಮಾಡಿ ಫ್ರೀಜರಿನಲ್ಲಿಡುತ್ತಿದ್ದಳು.

ಬಸವ ಜಯಂತಿಗೆ ಊರ ಕಡೆಯವರೆಲ್ಲ ಹೌನ್ಸ್ಲೋದ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತಿದ್ದರು. ಅಲ್ಲಿ ಅವನು ಡಾಕ್ಟರಬಾಯಿಯ ಗಂಡ. ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲಿ ಸೂಪರ್‌ವೈಸರನಾಗಿದ್ದ ವಿಜಾಪುರದ ಮುರಿಗೆಪ್ಪ ಅವನ ಕೆಲಸದ ಬಗ್ಗೆ ಪ್ರತಿ ವರ್ಷವೂ ಮೊದಲ ಸಲ ಕೇಳುವವನ ಹಾಗೆ ಕೇಳುತ್ತಿದ್ದ. ಹಳೆಯ ಟೇಪುಗಳ ಗೊರಗೊರ ಶಬ್ದ ತೆಗೆದು ಸ್ವಚ್ಛ ಮಾಡುತ್ತೇನೆ ಎಂದು ಒಮ್ಮೆ ದಾನಪ್ಪ ಹೇಳಿದ.

"ಹಳೇ ಹಾಡಿನ ಧೂಳ ಝಾಡಸಲಿಕ್ಕೂ ಪಗಾರ ಕೊಡ್ತಾರೇನ್ರಿ ಇಲ್ಲೆ?" ಎಂದ ಮುರಿಗೆಪ್ಪ. "ನಮ್ಮ ಶೆಡ್ಡಿನ್ಯಾಗ ಬೇಕಾದಷ್ಟು ಧೂಳೈತಿ. ಬರ್ರಿ, ಎರಡು ಪಾಳಿ ಕೊಡಸ್ತೀನಿ."

ಊಟದ ಪಂಕ್ತಿಯಲ್ಲಿ ಇದ್ದವರು ನಕ್ಕರು. ದಾನಪ್ಪನೂ ನಕ್ಕ.

ಅರ್ಲೀನ್‌ಳ ಟೇಪು ಬಂದದ್ದು ಹಿಂದಿನ ವರ್ಷದ ಚಳಿಗಾಲದಲ್ಲಿ. ಆಕೆ ಅರವತ್ತರ ದಶಕದಲ್ಲಿ ಎರಡೇ ಎರಡು ಸಣ್ಣ ರೆಕಾರ್ಡು ಮಾಡಿದ್ದಳು. ತಲಾ ಮುನ್ನೂರು ಪ್ರತಿ ಒತ್ತಿದ್ದರು, ಅದರಲ್ಲಿ ಅರ್ಧವೂ ಖರ್ಚಾಗಲಿಲ್ಲ. ಎಪ್ಪತ್ತೊಂದರಲ್ಲಿ ಇನ್ನೊಂದು ಕಂಪನಿ ಒಂಬತ್ತು ಹಾಡು ಮುದ್ರಿಸಿಕೊಂಡಿತು. ಅವು ಹೊರಬರುವ ಮೊದಲೇ ಕಂಪನಿ ಮುಚ್ಚಿತು. ಮೂಲ ಟೇಪು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಯಾರೋ ಕೆಟ್ಟ ಮಷೀನಿನಲ್ಲಿ ಮಾಡಿಕೊಂಡಿದ್ದ ಒಂದು ನಕಲು ಉಳಿದಿತ್ತು. ಕೀತ್ ಅದನ್ನು ಕೊಂಡು ತಂದು ದಾನಪ್ಪನ ಮೇಜಿನ ಮೇಲಿಟ್ಟ.

ವೇಗ ಸರಿಯಿಲ್ಲ ಎಂಬುದು ದಾನಪ್ಪನಿಗೆ ಮೊದಲ ನಿಮಿಷದಲ್ಲೇ ಗೊತ್ತಾಯಿತು. ಧಾರವಾಡದಲ್ಲಿ ಇಂಥ ಟೇಪುಗಳು ನೂರಾರು ಬರುತ್ತಿದ್ದವು. ಹಳ್ಳಿಗೆ ಹೋಗಿ ಹಿಡಿದುಕೊಂಡು ಬಂದ ಹಾಡು, ಮಷೀನಿನ ಬ್ಯಾಟರಿ ಇಳಿದಿರುತ್ತಿತ್ತು, ಗಂಡಸು ಹೆಂಗಸಿನ ಹಾಗೆ ಕೇಳಿಸುತ್ತಿದ್ದ. ತಂಬೂರಿ ಇದ್ದರೆ ಅದರ ಶ್ರುತಿಗೆ ಹೊಂದಿಸುತ್ತಿದ್ದರು. ತಂಬೂರಿ ಇಲ್ಲದಿದ್ದರೆ ಮೈಕ್‌ಸೆಟ್ಟಿನ ಗುಂಯ್ ಎನ್ನುವ ಸದ್ದನ್ನು ಹುಡುಕುತ್ತಿದ್ದರು. ಕರೆಂಟು ಇರುವ ಕಡೆಯೆಲ್ಲ ಆ ಸದ್ದು ಇರುತ್ತದೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಆ ಗುಂಯ್ ಐವತ್ತಕ್ಕೆ ಬರುವವರೆಗೆ ಟೇಪಿನ ವೇಗ ತಿರುಗಿಸಿದರೆ ಹಾಡು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇದನ್ನು ಅವನಿಗೆ ಕಲಿಸಿದವರು ನಾರಾಯಣಸ್ವಾಮಿ ಎಂಬ ಹಿರಿಯ ಎಂಜಿನಿಯರು. ಅವನು ಇದನ್ನು ಹದಿನೆಂಟು ವರ್ಷ ಮಾಡಿದ್ದ, ಒಮ್ಮೆಯೂ ತಪ್ಪಿರಲಿಲ್ಲ.

ಅರ್ಲೀನ್‌ಳ ಟೇಪಿನಲ್ಲಿ ಗುಂಯ್ ಐವತ್ತನಾಲ್ಕರಲ್ಲಿತ್ತು. ಅವನು ಅದನ್ನು ಐವತ್ತಕ್ಕೆ ಇಳಿಸಿದ.

ಹಾಡು ನಿಧಾನವಾಯಿತು. ದನಿ ಮಂದ್ರಕ್ಕೆ ಇಳಿದು, ತೂಕದ, ಅವಸರವಿಲ್ಲದ ದನಿಯಾಯಿತು. ಡ್ರಮ್ಮು ಕೆಸರಿನಲ್ಲಿ ಕಾಲಿಡುವ ಹಾಗೆ ಬೀಳುತ್ತಿತ್ತು. ಆ ಕಡೆ ಹೀಗೇ ನುಡಿಸುತ್ತಾರೇನೋ ಅಂದುಕೊಂಡ. ಅವನಿಗೆ ಆ ಸಂಗೀತ ಗೊತ್ತಿರಲಿಲ್ಲ. ಗೊತ್ತಿದ್ದ ಕೀತ್‌ಗೆ ಟೇಪಿನ ಕೆಲಸ ಗೊತ್ತಿರಲಿಲ್ಲ. ಕೀತ್ ಕೇಳಿದವನೇ ಕುರ್ಚಿಯಲ್ಲಿ ಕುಳಿತುಬಿಟ್ಟ, ಮೊದಲಿನಿಂದ ಮತ್ತೆ ಹಾಕು ಎಂದ.

ಅಲ್ಲಿಂದ ಎಂಟು ತಿಂಗಳು ದಾನಪ್ಪ ಆ ದನಿಯ ಸುತ್ತಲಿನ ಚಟಚಟವನ್ನು ಒಂದೊಂದಾಗಿ ತೆಗೆದ. ಕ್ಯಾಸೆಟ್ಟು ಮಾಡಿಕೊಂಡು ಮನೆಗೂ ಒಯ್ದ. ಅನ್ನಕ್ಕಿಟ್ಟಾಗ, ಇಸ್ತ್ರಿ ಮಾಡುವಾಗ ಅದೇ ನಡೆಯುತ್ತಿತ್ತು. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ತುಟಿ ಒದ್ದೆ ಮಾಡಿಕೊಳ್ಳುತ್ತಾಳೆ ಎಲ್ಲ ಬಾಯಿಪಾಠವಾಯಿತು. ಆ ಫ್ಲ್ಯಾಟಿನಲ್ಲಿ ಆ ವರ್ಷ ಕೇಳಿಸಿದ ಹೆಣ್ಣುದನಿ ಹೆಚ್ಚಾಗಿ ಅದೇ.

ಸಿ.ಡಿ. ಬಂದಾಗ ಪತ್ರಿಕೆಗಳು ಬರೆದವು. ಎರಡು ಹಳೆಯ ರೆಕಾರ್ಡುಗಳಲ್ಲಿ ಚಿಲಿಪಿಲಿಗುಡುತ್ತಿದ್ದ ಹುಡುಗಿ ಎಪ್ಪತ್ತೊಂದರ ಹೊತ್ತಿಗೆ ಯಾವ ದುಃಖ ಕಂಡಳೋ, ದನಿ ಈ ಆಳಕ್ಕೆ ಇಳಿದಿದೆ ಎಂದು ಒಬ್ಬ ಬರೆದ. ಗಂಡ ಸತ್ತಿರಬೇಕು ಎಂದು ಇನ್ನೊಬ್ಬ ಊಹಿಸಿದ. ಎರಡೂವರೆ ಸಾವಿರ ಪ್ರತಿ ಖರ್ಚಾದವು. ಕೀತ್‌ನ ಕಂಪನಿಯಲ್ಲಿ ಅಷ್ಟು ಯಾವುದೂ ಹೋಗಿರಲಿಲ್ಲ. ಹೊದಿಕೆಯ ಹಿಂಬದಿ ಕೆಳಗೆ, ಧ್ವನಿ ಶುದ್ಧೀಕರಣ: ದಾನಪ್ಪ ಹೊಸಮನಿ ಎಂದಿತ್ತು. ಗುರುದೇವಿ ಹನ್ನೆರಡು ಪ್ರತಿ ಕೊಂಡು ಊರಿಗೆ ಕಳಿಸಿದಳು. ಮುರಿಗೆಪ್ಪ ಕನ್ನಡಕ ಹಾಕಿಕೊಂಡು ಹೆಸರನ್ನು ಎರಡು ಸಲ ಓದಿ ವಾಪಸು ಕೊಟ್ಟ.

ಈಗ ಪಬ್ಬಿನ ಹಾಲಿನಿಂದ ಚಹಾಕ್ಕೆಂದು ಕೀತ್ ಮತ್ತು ವಾದ್ಯದವರು ಕೆಳಗಿಳಿದರು. ಅರ್ಲೀನ್ ಇಳಿಯಲಿಲ್ಲ. ಹಿಂದೆ ದಾನಪ್ಪ ಕುಳಿತೇ ಇದ್ದಾನೆಂಬುದನ್ನು ಗಮನಿಸಿದಂತೆ ಕಾಣಲಿಲ್ಲ. ಪಿಯಾನೋದ ಮುಂದೆ ಕುಳಿತು ಎರಡೇ ಬೆರಳಿನಲ್ಲಿ ತನ್ನ ದನಿಗೆ ಹೊಂದುವ ಸ್ವರದ ಮನೆ ಹುಡುಕಿದಳು. ಹುಡುಕುತ್ತ ಹುಡುಕುತ್ತ ಮೇಲಕ್ಕೆ ಹೋದಳು. ಅಲ್ಲಿಂದ ಅದೇ ಹಾಡನ್ನು ಎತ್ತಿಕೊಂಡಳು.

ಬಿಟ್ಟುಹೋದ ಗಂಡಸಿನ ಕೋಟು ಗೂಟದಲ್ಲೇ ನೇತಾಡುತ್ತಿದೆ ಎಂಬ ಹಾಡು. ಅದರ ತೋಳುಗಳಲ್ಲಿ ಯಾರ ಕೈಯೂ ಇಲ್ಲ, ಇನ್ನು ಅದು ಯಾರಿಗೆ ಸರಿಹೊಂದುತ್ತದೋ ನೋಡಬೇಕು. ಸಿ.ಡಿ.ಯಲ್ಲಿ ಅದು ವಿಧವೆಯ ಹಾಡಾಗಿತ್ತು. ಈಗ ಅದು ಚುರುಕಾಗಿ, ಕುಣಿಯುತ್ತ ಬಂತು. ಕೊನೆಯ ಸಾಲಿಗೆ ಆಕೆ ಹುಬ್ಬು ಕುಣಿಸಿದಳು. ಬೀದಿಯಲ್ಲಿ ಯಾರಿಗೆ ಆ ಕೋಟು ಸರಿಹೊಂದುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಸ್ವರ ಸಲೀಸಾಗಿ ಬಿತ್ತು. ದನಿ ಎಲ್ಲಿಯೂ ಹೋಗಿರಲಿಲ್ಲ.

ದಾನಪ್ಪ ಶ್ರುತಿ ಲೆಕ್ಕ ಹಾಕಿದ. ವಾದ್ಯದವರು ಸಿ.ಡಿ. ಕೇಳಿ ಕಲಿತ ಜಾಗಕ್ಕಿಂತ ಮೂರು ಮನೆ ಮೇಲೆ. ಗುಂಯ್‌ನ ಐವತ್ತಕ್ಕೂ ಇನ್ನು ಯಾವ ಅಂಕಿಗೂ ಮೂರು ಮನೆ ಅಂತರ? ಪರೀಕ್ಷೆಗೆ ಓದಿದ ಪುಸ್ತಕದ, ದೇಶದೇಶದ ಕರೆಂಟಿನ ಮಿಡಿತದ ಒಂದು ಕೋಷ್ಟಕ ಕಣ್ಣ ಮುಂದೆ ಬಂತು. ಭಾರತ ಐವತ್ತು. ಇಂಗ್ಲೆಂಡು ಐವತ್ತು. ಅಮೆರಿಕ ಅರವತ್ತು.

ಬದುಕಿದ ಎರಡು ದೇಶದಲ್ಲೂ ಐವತ್ತೇ ಇದ್ದುದರಿಂದ ಅವನ ಕೈಗೆ ಪ್ರಪಂಚವೆಲ್ಲ ಐವತ್ತಾಗಿತ್ತು. ಏರಿಸಬೇಕಾದದ್ದನ್ನು ಇಳಿಸಿದ್ದ.

ಅವನು ಯಾರಿಗೂ ಹೇಳದೆ ಮೆಟ್ಟಿಲಿಳಿದು ವಾಟರ್ಲೂಗೆ ಹೋಗಿ ಫೆಲ್ಥಮ್ ಟ್ರೇನು ಹಿಡಿದ. ಸ್ಟೇಷನ್ನಿನಿಂದ ನೇರ ಕೆಲಸದ ಕೋಣೆಗೆ ಹೋಗಿ ಆ ಹಳೆಯ ನಕಲು ಟೇಪನ್ನು ಮಷೀನಿಗೆ ಏರಿಸಿ, ಗುಂಯ್ ಅರವತ್ತಕ್ಕೆ ಬರುವವರೆಗೆ ತಿರುಗಿಸಿದ. ಮೂವತ್ತೊಂದು ವರ್ಷದ ಒಬ್ಬ ಹೆಂಗಸು ನಗುನಗುತ್ತ ಹಾಡುತ್ತಿದ್ದಳು. ಇಷ್ಟು ದಿನ ಅವನ ಮನೆಯಲ್ಲಿದ್ದವಳಲ್ಲ ಇವಳು. ಒಂಬತ್ತೂ ಹಾಡನ್ನು ಕ್ಯಾಸೆಟ್ಟಿಗೆ ಹಾಕಿಕೊಂಡು ಮನೆಗೆ ಬಂದು ಸಂಡರ್‌ಲ್ಯಾಂಡಿಗೆ ಫೋನು ಮಾಡಿದ.

"ಯಾಕ್ರೀ, ಇವತ್ತ ಇಷ್ಟ ಲಗೂ?" ಎಂದಳು ಗುರುದೇವಿ. "ಆರಾಮ ಅದೀರಿಲ್ಲೋ?"

ಅವನು ಹೇಳಿದ. ಅವಳಿಗೆ ಎರಡು ಸಲ ಹೇಳಬೇಕಾಯಿತು.

"ಇಷ್ಟ ದಿನ ಯಾರಿಗೂ ಗೊತ್ತಾಗಿಲ್ಲೇನು?"

"ಇಲ್ಲ."

"ಎರಡೂವರೆ ಸಾವಿರ ಮಂದಿ ಕೇಳ್ಯಾರ. ಯಾರಿಗೂ ಇಲ್ಲ," ಎಂದಳು ಗುರುದೇವಿ.

"ಆಕಿಗೆ ವಯಸ್ಸಾಗೇತಿ, ದನಿ ಹೋಗೇತಿ ಅಂತ ಆಕಿ ಮುಂದ ನಿಂತು ಮಾತಾಡಿದ್ರು, ದೇವಿ. ದನಿ ಹೋಗಿಲ್ಲ ಆಕೀದು. ನಾ ಇಳಿಸಿದ್ದಕ್ಕ ಆಕಿ ಅಲ್ಲಿ ಮುಟ್ಟವಲ್ಲಳು."

ಅವಳ ಹಿಂದೆ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಯಾರದೋ ಟಿ.ವಿ. ಕೇಳುತ್ತಿತ್ತು.

"ಊರಾಗ ಹನ್ನೆರಡು ಮನಿಗೆ ಕಳಿಸೀನಿ ನಾ," ಎಂದಳು. "ನಿಮ್ಮ ಹೆಸರೈತಿ ಅದರ ಮ್ಯಾಲ." ಆಮೇಲೆ, ಡ್ಯೂಟಿಯ ದನಿಯಲ್ಲಿ, "ವಾರ್ಡಿನ್ಯಾಗ ನಾ ಇಂಥಾದು ಮಾಡಿದ್ರ ಮೊದಲ ಪೇಶಂಟಗ ಹೇಳಬೇಕ್ರೀ. ಮ್ಯಾನೇಜರಗ ಆಮ್ಯಾಲ," ಎಂದಳು.

ಕೀತ್‌ಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬುದನ್ನು ಇಬ್ಬರೂ ಆಡಲಿಲ್ಲ. ಎರಡನೆಯ ಮುದ್ರಣ ಆಗಲೇ ಪ್ರೆಸ್ಸಿಗೆ ಹೋಗುವುದರಲ್ಲಿತ್ತು.

ಮರುದಿನ ಹನ್ನೊಂದಕ್ಕೆ ಅವನು ಅರ್ಲ್ಸ್ ಕೋರ್ಟಿನ ಗೆಸ್ಟ್‌ಹೌಸಿನ ಬಾಗಿಲು ತಟ್ಟಿದ. ಅರ್ಲೀನ್ ಕೋಟು ಹಾಕಿಕೊಂಡೇ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು. ಹೀಟರು ಉರಿಯಬೇಕಾದರೆ ಅದರ ಮೀಟರಿಗೆ ನಾಣ್ಯ ಹಾಕಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ದಾನಪ್ಪ ತನ್ನ ಜೇಬಿನಿಂದ ಹಾಕಿದ. ತಾನು ಯಾರು ಎಂದು ಹೇಳಿದ. ಆಮೇಲೆ ನಿಂತುಕೊಂಡೇ, ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷಿನಲ್ಲಿ, ತಪ್ಪನ್ನು ಹೇಳಿ ಮುಗಿಸಿದ.

ಅವಳು ಕೇಳಿಸಿಕೊಂಡಳು. ನನ್ನ ಬಳಿ ಸಿ.ಡಿ. ಮಷೀನಿಲ್ಲ, ತಂಗಿಯ ಮಗಳ ಕಾರಿನಲ್ಲಿ ಒಂದೇ ಸಲ ಕೇಳಿದ್ದೆ, ಕಾರೇ ಸರಿಯಿಲ್ಲ ಅಂದುಕೊಂಡೆ ಎಂದಳು. "ಕರೆಂಟಿನ ತಪ್ಪೋ ನಿನ್ನ ತಪ್ಪೋ?"

"ನನ್ನದು."

ಅವನು ವಾಕ್‌ಮನ್ ಕೊಟ್ಟ. ಅವಳು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅವನು ಕಿಟಕಿಯ ಬಳಿ ಹೋಗಿ ನಿಂತ. ಎದುರು ಮನೆಯ ಹೆಂಗಸು ಕಸದ ಡಬ್ಬಿಯನ್ನು ಒಳಗೆ ಎಳೆದುಕೊಂಡು ಹೋದಳು, ಅಂಚೆಯವನು ಬಂದು ಹೋದ, ಹೀಟರು ಒಮ್ಮೆ ಆರಿತು, ಮತ್ತೆ ನಾಣ್ಯ ಹಾಕಿದ. ಹಾಡು ಅವನಿಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಅವಳು ಜೋರಾಗಿ, ಡ್ರಮ್ಮಿನವನು ಯಾವಾಗಲೂ ಓಡುತ್ತಿದ್ದ, ಅವನಿಗೆ ಬಸ್ಸು ಹಿಡಿಯಬೇಕಾಗಿತ್ತು ಎಂದಳು. ಒಂಬತ್ತೂ ಮುಗಿಯಲು ಮೂವತ್ತು ನಿಮಿಷ ಹಿಡಿಯಿತು. ಸಿ.ಡಿ.ಯಲ್ಲಿ ಅವು ಮೂವತ್ತಾರು ನಿಮಿಷ.

ಅವಳು ಕಿವಿಯಿಂದ ತೆಗೆದು ವೈರನ್ನು ಅಚ್ಚುಕಟ್ಟಾಗಿ ಸುತ್ತಿದಳು.

"ಚೆನ್ನಾಗಿದ್ದಳು," ಎಂದಳು. "ಅವಳನ್ನು ಯಾರೂ ಕರೆಯಲಿಲ್ಲ."

ಇವತ್ತೇ ಕೀತ್‌ಗೆ ಹೇಳುತ್ತೇನೆ, ವಾದ್ಯದವರು ಮೂರು ಮನೆ ಮೇಲೆ ನುಡಿಸುವುದು ಕಷ್ಟವಲ್ಲ ಎಂದು ದಾನಪ್ಪ ಹೇಳಿದ. ಅವಳು ಹಾಸಿಗೆಯ ಪಕ್ಕದ ಚೀಲದಿಂದ ಕಾಗದಗಳ ಒಂದು ಕಟ್ಟು ತೆಗೆದಳು. ನಲವತ್ತಮೂರು ಇವೆ ಎಂದಳು. ಬೆಲ್ಜಿಯಮ್ಮಿನಿಂದ ಒಬ್ಬ ಬರೆದಿದ್ದಾನೆ, ಜಪಾನಿನಿಂದ ಒಬ್ಬಳು. ಹೆಂಡತಿ ಸತ್ತವರು, ಮಕ್ಕಳು ಸತ್ತವರು, ನಿದ್ದೆ ಬಾರದವರು. ನಾನೂ ನಲವತ್ತಮೂರಕ್ಕೂ ಉತ್ತರ ಬರೆದೆ, ಏನು ಬರೆಯಬೇಕೋ ತಿಳಿಯದೆ, ಎಂದಳು.

"ಇವರೆಲ್ಲ ಬರೆದದ್ದು ನೀನು ಮಾಡಿದ ಹೆಂಗಸಿಗೆ. ವಿಮಾನದ ಟಿಕೆಟ್ಟೂ ಅವಳಿಗೇ ಬಂದದ್ದು. ಇವತ್ತು ಸಂಜೆ ಇನ್ನೂರು ಜನ ಅವಳನ್ನು ನೋಡಲು ಬರುತ್ತಾರೆ. ನಾನು ಹೋಗಿ ಅವರಿಗೆ ಏನು ಹೇಳಲಿ?"

"ನಿಜ ಹೇಳಬಹುದು."

"ನೀನು ಹೇಳಿದೆಯಲ್ಲ, ಸಾಕು. ಕೀತ್‌ಗೆ ಹೇಳಬೇಡ."

"ಅದು ಸುಳ್ಳಾಗುತ್ತದೆ."

"ಹಾಡಬೇಕಾದವಳು ನಾನು," ಎಂದಳು ಅರ್ಲೀನ್. "ನಿನಗೇನು?"

ಹಗುರಾಗಲೆಂದು ಬಂದವನು ಇನ್ನೂ ನಿಂತೇ ಇದ್ದ. ಅವಳು ಪಕ್ಕದ ಕುರ್ಚಿ ತೋರಿಸಿ, ಕೂತುಕೊ ಎಂದಳು.

"ಅವಳನ್ನು ನಿನ್ನಷ್ಟು ಬಲ್ಲವರಿಲ್ಲ. ಹೇಳು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ?"

ದಾನಪ್ಪ ಹೇಳತೊಡಗಿದ. ಮೊದಲು ಮಾತಿನಲ್ಲಿ, ಆಮೇಲೆ ಕೈಯಲ್ಲಿ ತಾಳ ಹಾಕುತ್ತ. ಇಲ್ಲಿ ಎಳೆಯುತ್ತಾಳೆ, ಇಲ್ಲಿ ಎರಡು ಮಾತ್ರೆ ಸುಮ್ಮನಿರುತ್ತಾಳೆ. ಅವಳು ತಲೆಯಾಡಿಸುತ್ತ ತುಟಿಯಲ್ಲೇ ಹಾಡಿಕೊಂಡಳು. ಆದರೆ ತಳದ ಸ್ವರಗಳು ಬರಲಿಲ್ಲ. ಹೇಗೆ ಮಾಡಿದರೂ ಬರುವಂತಿರಲಿಲ್ಲ, ಅವು ಯಾವ ಹೆಂಗಸಿನವೂ ಆಗಿರಲಿಲ್ಲ. ಆಗ ಅವನಿಗೆ ಧಾರವಾಡದ ಸ್ಟುಡಿಯೋಕ್ಕೆ ಬರುತ್ತಿದ್ದ ಒಬ್ಬ ಮುದಿ ಗವಾಯಿ ನೆನಪಾದರು. ಎಂಬತ್ತು ದಾಟಿದ ಮೇಲೆ ಅವರಿಗೆ ಕೆಳಗಿನ ಷಡ್ಜ ಬರುತ್ತಿರಲಿಲ್ಲ. ಅವರು ಅಲ್ಲಿಯವರೆಗೆ ಬಂದು, ಬಾಯಿ ತೆರೆದು, ನಿಲ್ಲುತ್ತಿದ್ದರು. ತಂಬೂರಿ ನುಡಿಯುತ್ತಿತ್ತು. ಕೇಳುವವರು ತಲೆದೂಗುತ್ತಿದ್ದರು.

"ಅಲ್ಲಿಗೆ ಹೋಗಬೇಡಿ," ಎಂದ. "ಹೋಗುವವರ ಹಾಗೆ ಬಂದು ನಿಂತುಬಿಡಿ. ಆ ಸ್ವರವನ್ನು ಬೇಸ್ ಗಿಟಾರಿನವನು ನುಡಿಸುತ್ತಾನೆ. ಜನರಿಗೆ ಸಿ.ಡಿ. ಬಾಯಿಪಾಠವಿದೆ. ಉಳಿದದ್ದನ್ನು ಅವರೇ ಕೇಳಿಕೊಳ್ಳುತ್ತಾರೆ."

ಅವಳು ಹಾಗೆ ಮಾಡಿ ನೋಡಿದಳು. ಇನ್ನೊಮ್ಮೆ ಮಾಡಿದಳು. ಒಂದೂವರೆಯವರೆಗೆ ಇಬ್ಬರೂ ಒಂಬತ್ತು ಹಾಡನ್ನೂ ಹೀಗೆ ದಾಟಿದರು. ಅವನು ಹೊರಡುವಾಗ ಕ್ಯಾಸೆಟ್ಟನ್ನು ಅವಳ ಬಳಿಯೇ ಬಿಡಲು ಹೋದ. ಅವಳು ಅದನ್ನು ಅವನ ಕೋಟಿನ ಜೇಬಿಗೆ ಹಾಕಿದಳು. ಇಲ್ಲಿದ್ದರೆ ಕೇಳುತ್ತ ಕೂತುಬಿಡುತ್ತೇನೆ, ಸಂಜೆ ಕೆಲಸವಿದೆ ಎಂದಳು.

ಸಂಜೆ ಹಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹೆಚ್ಚಿನವರು ನಲವತ್ತು ದಾಟಿದ ಬಿಳಿಯ ಗಂಡಸರು, ಒಬ್ಬೊಬ್ಬರಾಗಿ ಬಂದವರು. ಅರ್ಲೀನ್ ಮುಕ್ಕಾಲು ಹಾಡನ್ನು ಮಾತಿನ ಹಾಗೆ ಹಾಡಿದಳು. ತಳದ ಸ್ವರ ಬಂದಾಗಲೆಲ್ಲ ಬಾಯಿ ತೆರೆದು ನಿಂತಳು. ಹಾಲ್ ಉಸಿರು ಹಿಡಿಯುತ್ತಿತ್ತು. ಕೋಟಿನ ಹಾಡಿಗೆ ದಾನಪ್ಪನ ಪಕ್ಕದಲ್ಲಿದ್ದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮುಗಿದಾಗ ಐದು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ. ಪಿಯಾನೋದವನು, ಇವಳು ನಿನ್ನೆ ಸುಮ್ಮನೆ ಶಕ್ತಿ ಉಳಿಸಿಕೊಳ್ಳುತ್ತಿದ್ದಳು ನೋಡು ಎಂದು ಕೀತ್‌ಗೆ ಹೇಳಿದ.

ಆಮೇಲೆ ಸಹಿ ಹಾಕಿಸಿಕೊಳ್ಳುವವರ ಸಾಲು. ಕೀತ್ ದಾನಪ್ಪನನ್ನು ಮೇಜಿನ ಪಕ್ಕ ಕೂರಿಸಿ, ಸಿ.ಡಿ.ಗಳ ಪ್ಲಾಸ್ಟಿಕ್ ಬಿಚ್ಚಿ ಕೊಡುವ ಕೆಲಸ ಒಪ್ಪಿಸಿದ. ಅವನು ಒಂದೊಂದನ್ನೇ ಉಗುರಿನಿಂದ ಸೀಳಿ, ಮುಖ ಮೇಲೆ ಮಾಡಿ ಅವಳ ಮುಂದಿಟ್ಟ. ಅವಳು ಹೆಸರು ಕೇಳಿ ಬರೆದುಕೊಟ್ಟಳು. ಮೊದಮೊದಲು ಅವಳ ಮಾತು ಬೆಳಗಿನ ಹಾಗೆಯೇ ಇತ್ತು, ಅಡುಗೆಮನೆಯ ಆಚೆಗೂ ಕೇಳುವಂಥ ಚುರುಕು ದನಿ. ಎತ್ತರದ ಒಬ್ಬ ಮುದುಕ ಬಗ್ಗಿ, ನನ್ನ ಹೆಂಡತಿಯ ಮಣ್ಣಿನ ದಿನ ಕೋಟಿನ ಹಾಡನ್ನೇ ಹಾಕಿಸಿದ್ದೆ ಎಂದ. ಅರ್ಲೀನ್ ಪೆನ್ನು ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು. ಆಕೆಯ ಹೆಸರೇನು ಎಂದು ಕೇಳಿದಳು. ಆ ಪ್ರಶ್ನೆಯನ್ನು ಅವಳು ಸ್ವಲ್ಪ ಕೆಳಗಿನಿಂದ, ನಿಧಾನವಾಗಿ ಕೇಳಿದಳು. ಮುಂದಿನವನಿಗೆ ಇನ್ನೂ ಸ್ವಲ್ಪ ಕೆಳಗಿನಿಂದ.

ಸಾಲು ಕರಗಿತು. ಕೊನೆಯವನೂ ಮೆಟ್ಟಿಲಿಳಿದು ಹೋದ. ಕೀತ್ ಪೆಟ್ಟಿಗೆಗಳನ್ನು ಕಾರಿಗೆ ಒಯ್ದ. ಮೇಜಿನ ಸುತ್ತ ಪ್ಲಾಸ್ಟಿಕ್ಕಿನ ಚೂರುಗಳಷ್ಟೇ ಉಳಿದವು, ದಾನಪ್ಪ ಬಗ್ಗಿ ಅವನ್ನು ಒಟ್ಟುಮಾಡಿದ. ಈಗ ಅಲ್ಲಿ ಅವರಿಬ್ಬರೇ ಇದ್ದರು.

ಅರ್ಲೀನ್ ನೀರು ಬೇಕು ಎಂದಳು. ಆ ಮಾತೂ ಅಷ್ಟೇ ಕೆಳಗಿನಿಂದ, ಅಷ್ಟೇ ನಿಧಾನವಾಗಿ ಬಂತು. ಅವನು ಎದ್ದು ಬಾರಿನ ಕಡೆ ಹೋದ.